ಏಳು

ಒಂದರಿಂದ ಹತ್ತರೊಳಗೆ ಎಷ್ಟು ನೋವು?
ಮೂರು ತಿಂಗಳಿಗೊಮ್ಮೆ ಕೇಳುತ್ತಾಳೆ ಡಾಕ್ಟರ್ ಹುಡುಗಿ,
ಕಂಪ್ಯೂಟರಿನಿಂದ ಕಣ್ಣೆತ್ತದೆ.
ಏಳು, ಅನ್ನುತ್ತೇನೆ.
ನನಗೆ ಚೆನ್ನಾಗಿ ಗೊತ್ತಿರುವ ಸಂಖ್ಯೆ ಅದು.

ಒಂದೇ ಕುಣಿಕೆಯ ಹೊಟ್ಟೆಯಿಂದ ಏಳು ಕುಣಿಕೆ ಎಬ್ಬಿಸಿ
ಸಡಿಲ ಬಿಟ್ಟು
ಮರುಸಾಲಿನಲ್ಲಿ ಏಳನ್ನೂ ಒಟ್ಟಿಗೆ ಕಡ್ಡಿಗೆ ಕೊಟ್ಟು
ಒಂದೇ ಉಸಿರಿಗೆ ಎಳೆದರೆ
ಒಂದು ಮೊಗ್ಗು.
ಮೇ ತಿಂಗಳ ಗಂಟೆಹೂವಿನ ಒಂದೇ ಒಂದು ಗಂಟೆ.
ಶಾಲಿಗೆ ಇಂಥವು ಎಷ್ಟು ಬೇಕೋ, ಲೆಕ್ಕವಿಟ್ಟಿಲ್ಲ.
ಇಟ್ಟಿದ್ದರೆ ಶುರುವೇ ಮಾಡುತ್ತಿರಲಿಲ್ಲ.

ಬೆಳಿಗ್ಗೆ ನಾನು ಎದ್ದರೂ ಕೈ ಎದ್ದಿರುವುದಿಲ್ಲ.
ಏಳು, ಅನ್ನುತ್ತೇನೆ ಹೆಬ್ಬೆರಳಿಗೆ.
ಏಳು, ತೋರುಬೆರಳೇ.
ಬಿಸಿನೀರಿನ ಬೋಗುಣಿಯಲ್ಲಿ ಹತ್ತೂ ಕೂತಿರುತ್ತವೆ
ರಜೆ ಮುಗಿದರೂ ಹೊರಡದ ಮಕ್ಕಳ ಹಾಗೆ.
ಕಾಫಿ ಡಬ್ಬದ ಮುಚ್ಚಳಕ್ಕೆ ಪಕ್ಕದ ಮನೆಯ ಎಹಾ ಬರಬೇಕು.
ಬರುತ್ತಾಳೆ, ತೆಗೆಯುತ್ತಾಳೆ,
ಮೇಜಿನ ಮೇಲಿನ ಹೆಣಿಗೆ ನೋಡಿ ಸೊಂಟಕ್ಕೆ ಕೈಕೊಡುತ್ತಾಳೆ:
ಡಬ್ಬ ಆಗುವುದಿಲ್ಲ, ಇದು ಮಾತ್ರ ಆಗುತ್ತದೆಯೇ, ವಿರ್ವೆ?
ಆಗುವುದಿಲ್ಲ, ಎಹಾ.
ಮಾಡುತ್ತೇನೆ.

ನಮ್ಮ ಹಾಪ್ಸಾಲುವಿನ ಕೆಸರಿಗೆ ದೊಡ್ಡ ಹೆಸರು.
ರೈಲು ಹತ್ತಿ ಬರುತ್ತಿದ್ದರಂತೆ ಉಳ್ಳವರು,
ಸೊಂಟ ಹಿಡಿದವರು, ಮಂಡಿ ಬಾತವರು.
ಈಗ ರೈಲಿಲ್ಲ.
ಉದ್ದನೆಯ ಪ್ಲಾಟ್‌ಫಾರಂ ಇದೆ, ಅದಕ್ಕೆ ಉದ್ದಕ್ಕೂ ಸೂರಿದೆ,
ಯಾರೂ ಇಳಿಯುವುದಿಲ್ಲ.
ವಾರಕ್ಕೆರಡು ಸಲ ಆ ಕಪ್ಪು ಕೆಸರಿನಲ್ಲಿ
ಮುಂಗೈವರೆಗೆ ಇಳಿಸಿ ಕೂರುತ್ತೇನೆ.
ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ,
ನನ್ನ ಬಾಯಲ್ಲಿ ಮಾತ್ರೆಯ ಕಬ್ಬಿಣದ ರುಚಿ.
ಆದರೂ ಬೆರಳುಗಳು ಎಲ್ಲಿವೆ ಎಂದೇ ತಿಳಿಯದ
ಇಪ್ಪತ್ತು ನಿಮಿಷ.
ಬಸ್ ಚಾರ್ಜಿಗೆ ಮೋಸವಿಲ್ಲ.

ಕಡ್ಡಿಗಳು ಲೈಲಾಕ್ ಮರದವು.
ಮದುವೆಯಾದ ವರ್ಷ ಉನೋ ಕೆತ್ತಿದ್ದು,
ಅಳತೆ ತಪ್ಪಿ ಒಂದು ಇನ್ನೊಂದಕ್ಕಿಂತ ದಪ್ಪ.
ಬೈದುಕೊಂಡೇ ನಲವತ್ತು ವರ್ಷ ಹೆಣೆದೆ.
ಈಗ ಎಡಗೈಯ ಹಿಡಿತಕ್ಕೆ ದಕ್ಕುವುದು ಆ ದಪ್ಪದ್ದೇ.
ಅವನಿದ್ದಾಗ ಹೇಳುವ ಹಾಗಿದ್ದಿದ್ದರೆ.

ನೋವು ದೊಡ್ಡ ಗುರು, ಅಂದರು ಪಾದ್ರಿ.
ಅವರ ಕೈ ಬೆಣ್ಣೆಯ ಹಾಗೆ.
ನನಗೆ ಹೆಣಿಗೆ ಕಲಿಸಿದವಳು ಹೆಲ್ಮಿ ಅತ್ತೆ.
ನೋವು ಕಲಿಸಿದ್ದು
ಬಾಗಿಲನ್ನು ಮೊಣಕೈಯಿಂದ ತೆರೆಯುವುದು.
ಅಷ್ಟೇ.

ಇನ್ನೊಂದು ಇದೆ, ಯಾರಿಗೂ ಹೇಳಿಲ್ಲ.
ಕೆಟ್ಟ ದಿನಗಳಲ್ಲಿ ಏಳು ಸಾಗದೆ
ಐದಕ್ಕೇ ಮೊಗ್ಗು ಮುಚ್ಚುತ್ತೇನೆ.
ಕೊಲ್ಲಿ ಹೆಪ್ಪುಗಟ್ಟಿದ ವಾರ ಸಾಲಿಗೆ ಸಾಲೇ ಐದು.
ಒಂದು ಸಂಜೆ ಮೂರು.
ಬಿಚ್ಚಿ ಮತ್ತೆ ಹೆಣೆಯಬಹುದಿತ್ತು.
ಬಿಚ್ಚುವುದಕ್ಕೂ ಬೆರಳೇ ಬೇಕು.

ಏಪ್ರಿಲಿನಲ್ಲಿ ಮುಗಿಯಿತು.
ತೊಳೆದು, ಮರದ ಚೌಕಟ್ಟಿಗೆ ಎಳೆದು ಕಟ್ಟಿದವಳು ಎಹಾ,
ಮೊಳೆಗೊಂದು ಗೊಣಗು.
ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದಳು.
ಅವಳ ಒಂದು ಕಣ್ಣಿಗೆ ಪೊರೆ,
ಆದ್ದರಿಂದ ಕೈಯಾಡಿಸಿ ನೋಡುತ್ತಾಳೆ.
ನಡುವೆ ಒಂದು ಕಡೆ ಅವಳ ಬೆರಳು ನಿಂತಿತು.
ಇಲ್ಲಿ ಏನೋ ತೆಳ್ಳಗಿದೆ.
ಫೆಬ್ರವರಿ, ಅಂದೆ.
ಅವಳು ಮತ್ತೆ ಕೇಳಲಿಲ್ಲ.

ಉಂಗುರದಲ್ಲಿ ತೂರಿದರೆ ಶಾಲು, ಇಲ್ಲದಿದ್ದರೆ ಬರೀ ಬಟ್ಟೆ,
ಅನ್ನುತ್ತಿದ್ದಳು ಹೆಲ್ಮಿ ಅತ್ತೆ.
ನನ್ನ ಉಂಗುರವನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು,
ಊದಿದ ಗೆಣ್ಣನ್ನು ಅದು ದಾಟದೆ.
ಎಹಾ ತನ್ನದನ್ನು ಸೋಪು ಹಚ್ಚಿ ಬಿಚ್ಚಿ ಹಿಡಿದಳು.
ನಾನು ತುದಿ ಕೊಟ್ಟೆ, ಅವಳು ಎಳೆದಳು.
ನನ್ನ ಕಿರುಬೆರಳೂ ಹೋಗದ ಕಿಂಡಿಯಲ್ಲಿ
ಇಡೀ ಚಳಿಗಾಲ
ಸರಸರನೆ ಹೋಯಿತು.

ಯಾರಿಗೆ ಇದು? ಅಂದಳು.
ಗೊತ್ತಿಲ್ಲ.
ಹೋಗುವ ಮುಂಚೆ ಕಾಫಿ ಡಬ್ಬದ ಮುಚ್ಚಳ
ಒಂದಿಷ್ಟು ಸಡಿಲ ಬಿಟ್ಟು ಹೋಗು,
ಅಂದೆ.